ಹದಿನೈದು ದಿನದ ನಾರು

ಆಗ ನನಗೆ ಹದಿನೆಂಟು. ಅದಾಗಿ ಅರವತ್ತು ವರ್ಷ, ಮೇಲೆ ಎರಡೋ ಮೂರೋ. ದಿನದ ಲೆಕ್ಕದಲ್ಲಿ ನಾನು ಗಟ್ಟಿ. ವರ್ಷದ ಲೆಕ್ಕ ನನಗೆ ಹತ್ತುವುದಿಲ್ಲ.

ಇದನ್ನೆಲ್ಲ ಎಬ್ಬಿಸಿದ್ದು ಮೊಮ್ಮಗಳು ಲತಾ ತಂದಿಟ್ಟ ಹಗ್ಗ. ಅವಳಿಗೆ ತುಮಕೂರಿನ ಅಂತರಸನಹಳ್ಳಿಯಲ್ಲಿ ಕಾರ್ಖಾನೆ ಕೆಲಸ. ಆರು ದಿನ ಮಿಷಿನ್ನಿನ ಮುಂದೆ ನಿಂತು, ಭಾನುವಾರ ಬಂತೆಂದರೆ ಜೊತೆಯವರ ಸ್ಕೂಟರು ಹತ್ತಿ ಯಾವುದಾದರೂ ಬೆಟ್ಟಕ್ಕೆ ಹೋಗುತ್ತಾಳೆ. ಮೇಲೆ ದೇವರಿಲ್ಲದ ಬೆಟ್ಟಕ್ಕೂ ಹೋಗುತ್ತಾಳೆ. ಹೋಗಿ ಏನು ಮಾಡುತ್ತೀ ಅಂದರೆ, ಹತ್ತಿ ಇಳಿಯುತ್ತೀನಿ ಅನ್ನುತ್ತಾಳೆ. ಫೋನಿನಲ್ಲಿ ದೇಶದೇಶದವರ ಚಿತ್ರ ತೋರಿಸುತ್ತಾಳೆ. ಗೋಡೆಯಂಥ ಬಂಡೆಗೆ ಬಟ್ಟೆಯ ತೊಟ್ಟಿಲು ಕಟ್ಟಿಕೊಂಡು, ಅದರಲ್ಲಿ ಮಲಗಿ ನಗುತ್ತಾ ಕಾಫಿ ಕುಡಿಯುವ ಗಂಡಸರು, ಹೆಂಗಸರು. ಇವರಿಗೆಲ್ಲ ಮನೆ ಇಲ್ಲವೇ ಅಂತ ಕೇಳಿದ್ದೆ. ಇದೆಯಂತೆ.

ಕಳೆದ ವಾರ ಅವಳು ಸ್ನಾನಕ್ಕೆ ಹೋದಾಗ ಚೀಲದಿಂದ ಹಗ್ಗ ಎಳೆದು ನೋಡಿದೆ. ನೀಲಿ ಬಣ್ಣ, ನಡುನಡುವೆ ಕೆಂಪು ಚುಕ್ಕಿ. ಮೂಸಿದೆ, ವಾಸನೆ ಇಲ್ಲ. ಹುರಿ ಬಿಚ್ಚಲು ಹೋದೆ, ಬಿಚ್ಚಲಿಲ್ಲ. ಮೇಲೊಂದು ಅಂಗಿ ತೊಡಿಸಿದ್ದಾರೆ. ಕೊನೆಗೆ ಉಳಿದಿರುವ ನಾಲ್ಕು ಹಲ್ಲಿನಲ್ಲಿ ಕಚ್ಚಿ ಎಳೆದೆ. ಅಷ್ಟರಲ್ಲಿ ಲತಾ ಬಂದಳು.

"ಅಜ್ಜೀ! ಬಾಯ್ಗ್ಯಾಕೆ ಹಾಕ್ಕೊಂಡೆ? ಬೆಟ್ಟದ ಮಣ್ಣೆಲ್ಲ ಐತೆ ಅದ್ರಲ್ಲಿ."

"ನಾರು ಎಂಗೈತೆ ಅಂತ ನೋಡ್ದೆ."

"ನಾರಲ್ಲ ಕಣಜ್ಜಿ ಅದು. ಅದ್ಕೆ ಒಂದು ಲಾರೀನೇ ನೇತಾಕ್ಬೋದು."

"ನೇತಾಕಿ ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ಮಾಡ್ದೋರು ನೋಡಿರ್ತಾರೆ ಬುಡು."

ಮಾಡಿದವರು ನೋಡಿರುತ್ತಾರೆ. ಅವಳು ತಲೆ ಒರೆಸಿಕೊಳ್ಳುತ್ತಾ ಒಳಗೆ ಹೋದಳು. ನಾನು ಹಗ್ಗ ಹಿಡಿದುಕೊಂಡು ಅಲ್ಲೇ ಕೂತೆ.

ನಮ್ಮದು ಹಗ್ಗ ಹೊಸೆಯುವ ಮನೆ. ಕುಣಿಗಲ್ ಕೆರೆಯ ಏರಿ ಇಳಿದರೆ ಮೂರನೆಯದು. ಹೊಲದ ಬದುವಿನ ಮೇಲೆ ಬೆಳೆದ ಕತ್ತಾಳೆ ಪಟ್ಟೆ ಕೊಯ್ದು ತಂದು, ಮುಳ್ಳು ಸವರಿ, ಕಟ್ಟು ಕಟ್ಟಿ, ಕೆರೆಯಂಚಿನ ಗುಂಡಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಬೇಕು. ಕೊಳೆ ಹಾಕುವುದು ಅಂತ ಅದಕ್ಕೆ ಹೆಸರು. ಹನ್ನೆರಡು ದಿನಕ್ಕೆ ಪಟ್ಟೆಯ ಮಾಂಸವೆಲ್ಲ ಕೊಳೆತು ನಾರು ಉಳಿಯುತ್ತದೆ. ಎತ್ತಿ, ಕಲ್ಲಿಗೆ ಬಡಿದು, ತೊಳೆದು, ಒಣಗಿಸಬೇಕು. ಬೇಗ ಎತ್ತಿದರೆ ಸಿಪ್ಪೆ ಬಿಡುವುದಿಲ್ಲ. ತಡವಾದರೆ ನಾರೇ ಕೊಳೆಯುತ್ತದೆ. ಇದರಲ್ಲಿ ಒಂದು ಮೋಸ ಇದೆ. ಸರಿಯಾದ ದಿನಕ್ಕೆ ಎತ್ತಿದ ನಾರು ಕಂದು, ಒರಟು. ದಿನ ಮೀರಿದ್ದು ಬೆಳ್ಳಗೆ, ಮೆತ್ತಗೆ, ನೋಡಿದರೆ ಕೈ ಹಾಕಿ ಸವರಬೇಕು ಅನ್ನಿಸುವ ಹಾಗೆ ಇರುತ್ತದೆ.

ನೀರಿನ ಕೆಲಸ ಹೆಂಗಸರದು, ಹುರಿಯ ಕೆಲಸ ಗಂಡಸರದು. ಕೊಳೆ ನೀರಿಗೆ ಇಳಿದರೆ ಮೊಣಕಾಲಿನವರೆಗೆ ತುರಿಕೆ. ಬೇವಿನ ಸೊಪ್ಪು ಅರೆದು ಹಚ್ಚಿದರೂ ಹೋಗದು. ನಾತ ತುರಿಕೆಗಿಂತ ಹೆಚ್ಚು. ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದು ಬಡತನದಿಂದ ಅಂತ ಮೊಮ್ಮಕ್ಕಳು ತಿಳಿದಿದ್ದಾರೆ. ಅಲ್ಲ. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ, ಅದಕ್ಕೆ ಬಿಟ್ಟೆ. ಮುಂದೆ ನೋಡಲು ಬಂದ ಗಂಡಿನ ಕಡೆಯವರೂ ಉಪ್ಪಿಟ್ಟು ತಿಂದು, ಮೂಗು ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ನನ್ನ ಪಾಲಿಗೆ ಹೊರಗಿನ ಪ್ರಪಂಚ ಅಂದರೆ ಮೂಗು ಒರೆಸಿಕೊಂಡು ಹೋಗುವವರು.

ಕೊಳೆ ಹಾಕಿದ ದಿನ ಒಂದು ಎಳೆ ನಾರನ್ನು ಬಾಗಿಲ ಮೊಳೆಗೆ ನೇತುಹಾಕಿ, ದಿನಾ ಬೆಳಿಗ್ಗೆ ಒಂದು ಗಂಟು ಹಾಕುವುದು. ಹನ್ನೆರಡು ಗಂಟಾದರೆ ಕೆರೆಗೆ ಇಳಿಯುವುದು. ಅಮ್ಮ ಹೋದ ಮೇಲೆ ಆ ಗಂಟು ನನ್ನ ಕೈಗೆ ಬಂತು. ಅಪ್ಪ ಇದ್ದಾಗ ಗಂಟನ್ನೂ ನಂಬುತ್ತಿರಲಿಲ್ಲ. ಒಣಗಿದ ನಾರಿನಿಂದ ಒಂದೆಳೆ ತೆಗೆದು, ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿಯೇ ಹೊಸೆಯಲು ಕೂರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಹುರಿಯ ಕೆಲಸ ಅಣ್ಣ ಸಿದ್ದಪ್ಪನದಾಯಿತು. ಅವನು ಕಚ್ಚುತ್ತಿರಲಿಲ್ಲ. "ನಿಂಗಿ ಗಂಟು ಹಾಕವಳೆ, ಸಾಕು ಬುಡಿ" ಅನ್ನುತ್ತಿದ್ದ. ನಿಂಗಿ ಅಂದರೆ ನಾನು.

ಮನೆಯಲ್ಲಿ ನಾವು ಮೂರೇ ಜನ. ಅಣ್ಣ, ನಾನು, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು ನಮ್ಮನ್ನು ಸಾಕಿದ ಆ ಅತ್ತೆಗೆ ಮಂಡಿನೋವು, ಅವಳು ಕೆರೆಗೆ ಇಳಿಯುವವಳಲ್ಲ. ಆದರೆ ಮನೆಯ ಕಟ್ಟಳೆ ಎಲ್ಲ ಅವಳ ಕೈಯಲ್ಲಿ.

ಆ ಬೇಸಿಗೆಯಲ್ಲಿ ಅಣ್ಣ ತೆಂಗಿನ ನಾರು ತರಲು ಗುಬ್ಬಿ, ಚೇಳೂರು ಕಡೆ ಹೋಗಿದ್ದ. ಹೋದರೆ ವಾರ. ನಾನು ಹನ್ನೆರಡನೇ ಗಂಟು ಹಾಕಿ, ಸೀರೆ ಎತ್ತಿ ಕಟ್ಟಿ, ಕೆರೆಗೆ ಹೊರಟಿದ್ದೆ. ಹೊಸಿಲಿನಲ್ಲೇ ಮುಟ್ಟಾದೆ.

"ಅಲ್ಲೇ ನಿಂತ್ಕೊ," ಅಂದಳು ಅತ್ತೆ. "ಹಿತ್ಲಿಗೆ ನಡಿ."

"ಇವತ್ತು ಎತ್ಬೇಕು ಅತ್ತೆ. ಬಿಸ್ಲಿಗೆ ಕೆರೆ ನೀರು ಬೇರೆ ಕಾದೈತೆ, ಬಿರ್ರನೆ ಕೊಳೀತದೆ."

"ಮುಟ್ಟಾದೋಳು ಗುಂಡಿಗಿಳಿದ್ರೆ ನಾರು ಕೆಡ್ತದೆ. ನಿಮ್ಮಮ್ಮ ಯಾವತ್ತಾರಾ ಇಳಿದಿದ್ಲಾ?"

"ಮತ್ತೆ ಯಾರ್ನಾದ್ರೂ ಕರೀ."

"ಯಾರ್ನೇ ಕರೀಲಿ? ಆ ನಾತಕ್ಕೆ ನೀನೊಬ್ಳೇ ಹುಟ್ಟಿರೋದು. ಮೂರು ದಿನಕ್ಕೇನು ಕರಗೋಯ್ತದಾ?"

ಮೂರು ದಿನ ಹಿತ್ತಲಿನಲ್ಲಿ ಕೂತೆ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಹೋಗಿ ಕಲ್ಲು ಸರಿಸಿದೆ. ಅಷ್ಟು ಬೆಳ್ಳಗಿನ ನಾರು ನಾನು ಕಂಡಿರಲಿಲ್ಲ. ಕೆರೆ ಅಂಚಿನಲ್ಲೇ ಒಂದೆಳೆ ಕಚ್ಚಿದೆ. ಹಲ್ಲಿಗೆ ಸಿಕ್ಕಿದ್ದೇ ಗೊತ್ತಾಗಲಿಲ್ಲ, ಶಾವಿಗೆ ಕಡಿದ ಹಾಗೆ ಬಂತು. ಮುಟ್ಟಿದರೆ ಕೆಡುತ್ತದೆ ಅಂತ ಬಿಟ್ಟದ್ದು ಹೀಗೆ ಕೆಟ್ಟಿತು.

ಹೊರೆ ಕಟ್ಟಲು, ಬೇಲಿ ಬಿಗಿಯಲು ಇಟ್ಟುಕೊಳ್ಳೋಣ ಅಂತ ಅತ್ತೆಯೂ ನಾನೂ ಮಾತಾಡಿಕೊಂಡೆವು. ಅಣ್ಣ ಬಂದವನು ಅಂಗಳದಲ್ಲಿ ಒಣಗುತ್ತಿದ್ದ ನಾರು ನೋಡಿ ಹಿಗ್ಗಿಬಿಟ್ಟ. ಕೈ ಹಾಕಿ ಸವರಿದ, ಕೆನ್ನೆಗೆ ಒತ್ತಿಕೊಂಡ.

"ಏನೇ ನಿಂಗಿ ಇದು! ಅಪ್ಪನ ಕಾಲ್ದಲ್ಲೂ ಇಂಥಾದ್ದು ಬಂದಿರ್ಲಿಲ್ಲ. ದಿನಕ್ಕೆ ಸರಿಯಾಗಿ ಎತ್ತಿದ್ಯಾ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ, "ಎತ್ದೆ ಇರ್ತಾಳಾ?" ಅಂದಳು. ಅವಳ ಕಟ್ಟಳೆಯಿಂದ ಕೆಟ್ಟದ್ದು, ಅವಳು ಒಪ್ಪುವಳೇ? ನಾನೂ ಸುಮ್ಮನಾದೆ. ಹಗ್ಗ ಅಂದರೆ ದನಕ್ಕೋ ಬಾವಿಗೋ ಹೋಗುತ್ತದೆ, ಕಿತ್ತರೆ ಒಂದು ಕೊಡ ಬಾವಿಗೆ ಬಿದ್ದೀತು ಅಂದುಕೊಂಡೆ. ಎರಡು ದಿನ ಅಣ್ಣ ಎಳೆ ಸೇರಿಸಿದ, ನಾನು ರಾಟೆ ತಿರುಗಿಸಿದೆ. ಹೆಬ್ಬೆರಳಿನಷ್ಟು ದಪ್ಪ, ಮೂವತ್ತು ಮಾರು ಉದ್ದ. ಮಾರಲು ಮನಸ್ಸಾಗದೆ ಅವನು ಅದನ್ನು ನಡುಮನೆಯ ಗೂಟಕ್ಕೆ ನೇತುಹಾಕಿದ. ಪಕ್ಕದ ಗೂಟದಲ್ಲಿ ಅಪ್ಪ ಹೊಸೆದ ಕಂದು ಹಗ್ಗ ಇತ್ತು. ಅಣ್ಣ ವರ್ಷವರ್ಷ ಜೇನು ಇಳಿಸಲು ಬಂಡೆಗೆ ಒಯ್ಯುತ್ತಿದ್ದುದು ಆ ಕಂದು ಹಗ್ಗ.

ಆಮೇಲೆ ಆ ಪರದೇಶದವನು ಬಂದ.

ಯಾವ ದೇಶದವನು ಅಂತ ಆಗಲೂ ತಿಳಿಯಲಿಲ್ಲ, ಆಮೇಲೆ ಕೇಳಲೂ ಇಲ್ಲ. ಊರಿನವರು ದೊರೆ ಅಂತಿದ್ದರು. ಜೀಪಿನಲ್ಲಿ ದೇಶದೇಶ ತಿರುಗಿ, ಸಿಕ್ಕಿದ ಬಂಡೆ ಎಲ್ಲ ಹತ್ತುತ್ತಾ ಬಂದಿದ್ದ. ಮೂಗಿನ ತುದಿ ಸುಲಿದು ಕೆಂಪಗಾಗಿತ್ತು. ಇಂಗ್ಲಿಷು ಬರುತ್ತಿದ್ದ ನಮ್ಮೂರ ಮೇಷ್ಟ್ರ ಮನೆಯಲ್ಲಿ ಇಳಿದಿದ್ದ. ಹುಲಿಯೂರುದುರ್ಗದ ದಾರಿಯಲ್ಲಿ ಒಂದು ಒಂಟಿ ಬಂಡೆ, ನಾವು ಹೆಜ್ಜೇನು ಬಂಡೆ ಅನ್ನುತ್ತಿದ್ದೆವು. ಅದರ ನಡುಮೈಯಲ್ಲಿ ಒಂದು ಗವಿಯ ಬಾಯಿ ಕಾಣುತ್ತದೆ. ಮೇಲಿಂದ ಹಗ್ಗದಲ್ಲಿ ಇಳಿದು ಅದನ್ನು ನೋಡಬೇಕು ಅಂತ ಅವನ ಆಸೆ. ಆ ಬಂಡೆ ಗೊತ್ತಿರುವವನು ಸಿದ್ದಪ್ಪನೇ ಅಂತ ಮೇಷ್ಟ್ರು ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು.

"ಗವೀಲಿ ಏನೈತೆ ಅಂತ ಕೇಳಿ ಮೇಷ್ಟ್ರೇ," ಅಂದಳು ಅತ್ತೆ. "ನಿಧಿ ಗಿಧಿ ಏನಾರಾ?"

ಮೇಷ್ಟ್ರು ಕೇಳಿ ಹೇಳಿದರು. "ಏನೂ ಇಲ್ವಂತೆ ಕಣಮ್ಮ. ನೋಡೋಕಂತೆ."

"ಬರೀ ನೋಡೋಕಾ?"

"ಬರೀ ನೋಡೋಕೆ."

ಅತ್ತೆ ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದಳು. "ಅವ್ರೂರಲ್ಲಿ ಕೆಲ್ಸ ಇಲ್ವೇನೋ, ಪಾಪ."

ಅಣ್ಣ ನಗಲಿಲ್ಲ. ಮೂರು ಸಂಜೆ ಮೇಷ್ಟ್ರ ಜಗಲಿಯಲ್ಲಿ ಕೂತು ಆ ಮನುಷ್ಯನ ಫೋಟೋಗಳನ್ನು ನೋಡಿದ. ಮನೆಗೆ ಬಂದು ನನಗೆ ಹೇಳುತ್ತಿದ್ದ. ಸುಣ್ಣ ಬಳಿದ ಹಾಗಿರುವ ಬೆಟ್ಟಗಳಂತೆ, ಬೇಸಿಗೆಯಲ್ಲೂ ಕರಗದ ಹಿಮವಂತೆ. ದೊರೆ ಇಲ್ಲಿಂದ ಮುಂದೆ ಉತ್ತರದ ಹಿಮದ ಬೆಟ್ಟಕ್ಕೆ ಹೋಗುವವನು. ಹಗ್ಗ ಬಲ್ಲ ಗಟ್ಟಿ ಆಳು ಬೇಕಂತೆ. ಬಂಡೆಯ ಮೇಲೆ ಕೆಲಸ ನೋಡಿ, ಒಪ್ಪಿಗೆಯಾದರೆ ಸಿದ್ದಪ್ಪನನ್ನು ಜೊತೆಗೆ ಕರೆದೊಯ್ಯುತ್ತಾನಂತೆ.

"ಅಲ್ಲಿ ರಾಗಿ ಸಿಗ್ತದಾ ಕೇಳ್ದೆ ಕಣೇ," ಅಂದ. "ಇಲ್ವಂತೆ. ಹೋಗ್ಲಿ ಅತ್ಲಾಗೆ, ಅನ್ನಾನೇ ತಿನ್ನನ. ನಂಗೆ ಇಪ್ಪತ್ನಾಲ್ಕಾಯ್ತು, ಗುಬ್ಬಿ ದಾಟಿಲ್ಲ ನಿಂಗಿ."

ಹೊರಡುವ ಬೆಳಿಗ್ಗೆ ನಾನು ಬಾಗಿಲ ನಾರಿಗೆ ಹನ್ನೊಂದನೇ ಗಂಟು ಹಾಕುತ್ತಿದ್ದೆ. ಹೊಸದಾಗಿ ಕೊಳೆ ಹಾಕಿದ ಕಟ್ಟಿನ ಲೆಕ್ಕ ಅದು. ಜೀಪು ಬಂತು. ದೊರೆ, ಮೇಷ್ಟ್ರು, ಡ್ರೈವರು ಅಂಗಳದಲ್ಲಿ ನಿಂತರು. ಅಣ್ಣ ಒಳಗಿಂದ ಬಂದ, ಹೆಗಲ ಮೇಲೆ ಬಿಳೀ ಹಗ್ಗ.

"ಅದು ಬ್ಯಾಡ ಕಣಣ್ಣ," ಅಂದೆ. "ಕಂದೀದು ತಗೊ."

"ಯಾಕೆ?"

ಮೂರು ಗಂಡಸರು ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಇದನ್ನೂ ದೊರೆಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಯಾಕೆ ಅಂತ ಹೇಳಬೇಕಾದರೆ ನಾನು ಹಿತ್ತಲಿನಲ್ಲಿ ಕೂತ ಮೂರು ದಿನದಿಂದ ಶುರುಮಾಡಬೇಕಿತ್ತು.

"ಸುಮ್ನೆ," ಅಂದೆ.

"ಸುಮ್ನೆ ಅಂದ್ರೆ?" ಅಣ್ಣ ನಕ್ಕ. "ನಾಲ್ಕು ಜನದ ಮುಂದೆ ಆ ಮುದಿ ಹಗ್ಗ ಒಯ್ಯಲೇನೆ? ಇದ ನೋಡ್ಲಿ ಅವ್ರು." ದೊರೆಯ ಕೈಗೆ ಕೊಟ್ಟ. ದೊರೆ ಬೆರಳಲ್ಲಿ ಸವರಿ, ತಲೆದೂಗಿ, ಏನೋ ಅಂದ. ಬಹಳ ಚೆನ್ನಾಗಿದೆಯಂತೆ ಅಂತ ಮೇಷ್ಟ್ರು ಹೇಳಿದರು. ಅಣ್ಣನ ಮುಖ ಅಗಲವಾಯಿತು. "ನಮ್ಮ್ ತಂಗಿ ತೆಗೆದಿರೋ ನಾರು ಅಂತ ಹೇಳಿ ಮೇಷ್ಟ್ರೇ."

ಬುತ್ತಿ ಹೊರಲು, ನೀರು ಕೊಡಲು ನನ್ನನ್ನೂ ಕರೆದುಕೊಂಡರು. ನಾನು ಜೀಪು ಹತ್ತಿದ್ದು ಅದೇ ಮೊದಲು. ಹಿಂದೆ ಜಾಗ ಸಾಲದೆ ಹಗ್ಗದ ಸಿಂಬಿಯನ್ನು ನನ್ನ ಮಡಿಲಿಗೆ ಹಾಕಿದರು. ದಾರಿಯುದ್ದಕ್ಕೂ ಉಗುರಿನಲ್ಲಿ ಒಂದೊಂದೇ ಎಳೆ ಕೆದಕಿದೆ. ಕೆದಕಿದ್ದೆಲ್ಲ ಬಂತು. ಈಗ ಹೇಳುತ್ತೀನಿ, ಈ ತಿರುವು ದಾಟಲಿ ಅಂದುಕೊಂಡೆ. ತಿರುವುಗಳು ಮುಗಿದವು. ಹೇಳಲು ಬೇಕಾದದ್ದು ನಾಲ್ಕು ಮಾತು. ಅದಕ್ಕೆ ಇಷ್ಟು ವರ್ಷದಲ್ಲಿ ಎಷ್ಟು ಬಗೆಯ ನಾಲ್ಕು ಮಾತು ಜೋಡಿಸಿದ್ದೀನೋ, ಆವತ್ತು ಒಂದೂ ಹುಟ್ಟಲಿಲ್ಲ.

ಬಂಡೆಯ ಬೆನ್ನಿನ ಕಡೆಯಿಂದ ನಡೆದು ಮೇಲೆ ಹತ್ತಿದೆವು. ನೆತ್ತಿಯಲ್ಲಿ ಒಂದು ಗೋಣಿಮರ. ಆ ಕಾಲಕ್ಕೆ ಹೆಜ್ಜೇನು ಎದ್ದುಹೋಗಿದ್ದವು. ದೊರೆ ತನ್ನ ಹಗ್ಗ ತೆಗೆದ. ತೆಳ್ಳಗಿನ ನುಣ್ಣನೆಯ ಹಗ್ಗ, ಈಗ ಲತಾಳ ಹತ್ತಿರ ಇರುವುದಕ್ಕೆ ತಾತನ ಹಾಗಿತ್ತು. ಇದನ್ನೇ ಕಟ್ಟಿಕೋ ಅಂತ ಅಣ್ಣನಿಗೆ ಕೊಟ್ಟ. ಅಣ್ಣ ಜಗ್ಗಿ ನೋಡಿ ವಾಪಸು ಕೊಟ್ಟ.

"ರಬ್ಬರ್ ತರ ಎಳೀತೈತೆ. ಇದ್ನ ನಂಬಿ ಯಾರು ಇಳೀತಾರೆ?"

ದೊರೆ ಒತ್ತಾಯ ಮಾಡಿದ. ಎರಡು ಸಲ ಮಾಡಿದ, ನಾನೇ ಕಂಡೆ. ನಾನು ನೀರಿನ ಚೊಂಬು ಕೊಡುವ ನೆಪದಲ್ಲಿ ಅಣ್ಣನ ಹತ್ತಿರ ಹೋಗಿ, "ಅವ್ರುದ್ನೇ ಕಟ್ಕೊಳ್ಳಣ್ಣ," ಅಂದೆ.

ಅವನಿಗೆ ಸಿಟ್ಟು ಬಂತು. ದನಿ ತಗ್ಗಿಸಿ ಅಂದ, "ಬೆಳಗ್ನಿಂದ ಏನೇ ನಿಂದು? ನೀನೇ ಎತ್ತಿರೋ ನಾರು ಕಣೇ ಇದು. ನಿನ್ ಮ್ಯಾಲೆ ನಿಂಗೇ ನಂಬ್ಕೆ ಇಲ್ವಾ?"

ನಾನು ಚೊಂಬು ಹಿಡಿದುಕೊಂಡು ಹಿಂದಕ್ಕೆ ಬಂದೆ.

ಬಿಳೀ ಹಗ್ಗವನ್ನೇ ಮರಕ್ಕೆ ಸುತ್ತಿ ಕಟ್ಟಿ, ದೊರೆಯೂ ಡ್ರೈವರೂ ಸೇರಿ ಜಗ್ಗಿ ನೋಡಿದರು. ತಡೆಯಿತು. ಬಂಡೆಯ ಅಂಚಿಗೆ ಉಜ್ಜದ ಹಾಗೆ ಗೋಣಿಚೀಲ ಮಡಿಸಿ ಹಾಕಿದರು. ಅಣ್ಣ ಸೊಂಟಕ್ಕೆ ಬಿಗಿದುಕೊಂಡು, ಕಾಲು ಬಂಡೆಗೆ ಊರಿ, ಬಾವಿಗೆ ಇಳಿಯುವವನ ಹಾಗೆ ಸಲೀಸಾಗಿ ಇಳಿದ. ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಯಿತು. ಗವಿಗೆ ಕಾಲಿಟ್ಟಿದ್ದ.

ಕೆಳಗಿಂದ ಕೂಗಿದ. "ನಿಂಗೀ! ಏನೂ ಇಲ್ಲ ಕಣೇ ಇಲ್ಲಿ! ಬರೀ ಬಾವಲಿ ಹಿಕ್ಕೆ!"

ಮೇಷ್ಟ್ರು ನಕ್ಕು ದೊರೆಗೆ ಹೇಳಿದರು. ದೊರೆಯೂ ನಕ್ಕ.

ಅಣ್ಣ ಮತ್ತೆ ಕೂಗಿದ. "ಆದ್ರೆ ಎಷ್ಟು ದೂರ ಕಾಣ್ತೈತೆ ಗೊತ್ತಾ!"

ದೊರೆ ಚಪ್ಪಾಳೆ ತಟ್ಟಿ ಏನೋ ಕೂಗಿದ. ಮೇಷ್ಟ್ರು ನನ್ನ ಕಡೆ ತಿರುಗಿ, "ನಿಮ್ಮಣ್ಣ ಪಾಸಾದ ಕಣಮ್ಮ, ಕರ್ಕೊಂಡ್ ಹೋಗ್ತಾರಂತೆ," ಅಂದರು. ಅವನ ಜೀವ ಉಳಿಯಿತು ಅಂದುಕೊಂಡೆ. ಮನೆಗೆ ಹೋದ ಕೂಡಲೆ ಈ ಹಗ್ಗ ಒಲೆಗೆ ಹಾಕುವುದು ಅಂತಲೂ ಅಂದುಕೊಂಡೆ.

ಅಣ್ಣ ಹತ್ತಲು ಶುರುಮಾಡಿದ. ಹಗ್ಗ ಬಿಗಿಯಾಯಿತು. ನಾನು ಮರದ ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಮರಕ್ಕೂ ಅಂಚಿಗೂ ನಡುವೆ, ಬಂಡೆಗೆ ಎಲ್ಲೂ ತಾಗದ ಜಾಗದಲ್ಲಿ, ನನ್ನ ಕಣ್ಣೆದುರಿಗೆ ಹಗ್ಗ ತುಸು ಸಣ್ಣಗಾಯಿತು. ಆಮೇಲೆ ಇರಲಿಲ್ಲ. ಸದ್ದು ಸಹ ಆಗಲಿಲ್ಲ. ಕೆಳಗೆ ಆದ ಸದ್ದನ್ನು ಇಲ್ಲಿ ಹೇಳುವುದಿಲ್ಲ.

ದೊರೆ ತನ್ನ ಹಗ್ಗದಲ್ಲಿ ಇಳಿದ. ಆ ರಬ್ಬರಿನಂಥ ಹಗ್ಗ ಅವನನ್ನು ಇಳಿಸಿತು. ನಾವು ಬಂಡೆ ಸುತ್ತಿಕೊಂಡು ಓಡಿ ಬುಡಕ್ಕೆ ಬರುವಷ್ಟರಲ್ಲಿ ಅವನು ಅಣ್ಣನ ಪಕ್ಕದಲ್ಲಿ ಮಂಡಿ ಊರಿ ಕೂತಿದ್ದ, ಅಂಗಿ ಬಿಚ್ಚಿ ಮುಖಕ್ಕೆ ಹೊದಿಸಿದ್ದ. ವಾಪಸು ಬರುವಾಗ ಜೀಪಿನಲ್ಲಿ ನನ್ನ ಮಡಿಲಲ್ಲಿ ಹಗ್ಗದ ಬದಲು ಅಣ್ಣನ ತಲೆ ಇತ್ತು.

ದಾರಿಯಲ್ಲಿ ದೊರೆ ಹಗ್ಗದ ಕಿತ್ತ ತುದಿಯನ್ನು ತಿರುವಿ ತಿರುವಿ ನೋಡುತ್ತಿದ್ದ. ಮೇಷ್ಟ್ರ ಕಡೆ ಏನೋ ಅಂದ. ಮೇಷ್ಟ್ರು ನನ್ನನ್ನು ಕೇಳಿದರು, "ಹಗ್ಗ ಹಳೇದಾ ತಾಯಿ, ಅಂತ ಕೇಳ್ತಾವ್ರೆ."

"ಹೊಸದು," ಅಂದೆ.

ಸುಳ್ಳಲ್ಲ ಅದು. ಮೇಷ್ಟ್ರು ದೊರೆಗೆ ಹಾಗೇ ತಿಳಿಸಿದರು. ಆ ಮನುಷ್ಯ ತುದಿಯನ್ನು ಕೆಳಗಿಟ್ಟು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಾನು ಗಟ್ಟಿಯಾಗಿ ಬೇಡ ಅನ್ನಬೇಕಿತ್ತು, ಇದು ತನ್ನ ತಪ್ಪು ಅಂತಿದ್ದಾರೆ ಅಂತ ಮೇಷ್ಟ್ರು ಹೇಳಿದರು. ನಾನು ಅಣ್ಣನ ತಲೆ ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದೆ. ಇಲ್ಲ ಅನ್ನಲಿಲ್ಲ. ಅವನು ಎರಡು ದಿನ ಇದ್ದು ಜೀಪು ಹತ್ತಿ ಹೋದ. ನನ್ನ ತಪ್ಪನ್ನು ಯಾವ ಬೆಟ್ಟದವರೆಗೆ ಹೊತ್ತುಕೊಂಡು ಹೋದನೋ ತಿಳಿಯದು.

ಪೊಲೀಸಿನವರು ಬಂದು ಹಗ್ಗ ಕಿತ್ತು ಬಿದ್ದದ್ದು ಅಂತ ಬರೆದುಕೊಂಡರು. ಹೆಣಕ್ಕೆ ನೀರು ಹಾಕುವಾಗ ಎದೆ ಬಡಿದುಕೊಂಡು ಅಳುತ್ತಿದ್ದ ಅತ್ತೆ, ಅಳು ನಿಲ್ಲಿಸದೆಯೇ ನನ್ನ ಕಿವಿಯ ಹತ್ತಿರ ಬಾಗಿದಳು. "ಬಾಯಿ ಬಿಟ್ಟೀಯಾ, ಹುಷಾರು. ಮದ್ವೆ ಆಗ್ದಿರೋ ಹೆಣ್ಣು ನೀನು." ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿದರು. ಮುಂದೆ ಮದುವೆಯೂ ಆಯಿತು, ಮಕ್ಕಳೂ ಆದವು. ಗಂಡನಿಗೂ ಹೇಳಲಿಲ್ಲ.

ಹೇಳಿದ್ದು ಕಳೆದ ವಾರ ಲತಾಳಿಗೆ. ಮಾಡಿದವರು ನೋಡಿರುತ್ತಾರೆ ಅಂದಳಲ್ಲ, ಅದಕ್ಕೆ ಹೇಳಿದೆ. ಕೂದಲು ಒದ್ದೆ ಇದ್ದ ಹಾಗೆಯೇ ಕೂತು ಕೇಳಿದಳು. "ಮುಟ್ಟಾಗಿದ್ದೆ ಅನ್ನೋಕೆ ಏನಜ್ಜಿ ನಾಚ್ಕೆ? ಅಷ್ಟೇ ಅಲ್ವಾ?" ಅಂದಳು. ಅಷ್ಟೇ. ಅವಳು ಆ ದಿನಗಳಲ್ಲೂ ಬೆಟ್ಟ ಹತ್ತುತ್ತಾಳೆ. ನಾನು ಬೇಡ ಅನ್ನುವುದಿಲ್ಲ. ಈ ಭಾನುವಾರ ಹೊರಡುವ ಮುಂಚೆ ಅಂಗಳದಲ್ಲಿ ಕೂತು ಹಗ್ಗವನ್ನು ಮೊಳಮೊಳಕ್ಕೂ ಬೆರಳಲ್ಲಿ ಸವರಿ ನೋಡಿದಳು. ಕಚ್ಚಲಿಲ್ಲ ಅಷ್ಟೆ.

ಆವತ್ತಿನ ಮಾರನೇ ದಿನದ್ದು ಇನ್ನೊಂದು ಉಳಿದಿದೆ. ಸೂತಕದ ಮನೆಯವರು ಹನ್ನೊಂದು ದಿನ ಕಸುಬು ಮುಟ್ಟುವ ಹಾಗಿಲ್ಲ, ಅದೂ ಅತ್ತೆಯ ಕಟ್ಟಳೆ. ಬೆಳಗಾಗುತ್ತಲೇ ಎದ್ದು ಬಾಗಿಲ ನಾರಿಗೆ ಹನ್ನೆರಡನೇ ಗಂಟು ಹಾಕಿದೆ. "ಎಲ್ಲಿಗೇ? ಸೂತಕ ಕಣೇ! ನಿಂಗೀ!" ಅಂತ ಅತ್ತೆ ಕೂಗುತ್ತಿದ್ದಳು. ಕೆರೆಗೆ ಹೋದೆ. ಗುಂಡಿಗೆ ಇಳಿದು ಕಲ್ಲು ಸರಿಸಿ ಕಟ್ಟು ಎತ್ತಿದೆ. ಕಲ್ಲಿಗೆ ಬಡಿದು ತೊಳೆದು, ಒಂದೆಳೆ ನಾರು ಹಲ್ಲಿನಲ್ಲಿ ಕಚ್ಚಿ ಎಳೆದೆ. ಗಟ್ಟಿ ಇತ್ತು.